ಶಿಖರದ ಸಂದಿನಲ್ಲಿ ಅರಳಿ ಸಸಿ: ಕೀಳಬೇಕೇ, ಬಿಡಬೇಕೇ?

ಒಂಟಿಕೊಪ್ಪಲಿನಿಂದ:

ಕಳೆದ ಭಾನುವಾರ ಅಪ್ಪನನ್ನು ಕರೆದುಕೊಂಡು ಕೃಷ್ಣರಾಜಪೇಟೆ ಕಡೆಯ ಹೊಯ್ಸಳ ಗುಡಿಗಳನ್ನು ನೋಡಿ ಬಂದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. 2023ರಲ್ಲಿ ಆ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದಾಗ ಅಪ್ಪ ಪತ್ರಿಕೆಯ ಪುಟವನ್ನೇ ಕತ್ತರಿಸಿ ಇಟ್ಟುಕೊಂಡಿದ್ದರು. ಆದರೆ ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಹೊಸಹೊಳಲನ್ನು ಎಪ್ಪತ್ತೆರಡು ವರ್ಷವಾದರೂ ನೋಡಲಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯನ್ನು ಎರಡು ಗಂಟೆ ಸುತ್ತಿದೆವು. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಎಂದು ಅಪ್ಪ ಕೆಳಗಿನಿಂದ ಒಂದೊಂದೇ ಪಟ್ಟಿಕೆಯನ್ನು ಎಣಿಸುತ್ತಾ ಹೋದರು. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಎಂದು ತಿಳಿದಾಗ ಮೈ ಜುಮ್ಮೆಂದಿತು. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತಿವೆ. ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದಂತೆ ಕಣ್ಣು ಕತ್ತಲಿಗೆ ಹೊಂದಿಕೊಂಡು, ಮೊದಲು ಕಾಣದಿದ್ದ ಕೆತ್ತನೆಗಳೆಲ್ಲ ಕಾಣತೊಡಗುತ್ತವೆ.

ಈ ಮೂರನ್ನೂ ನೋಡಿಕೊಳ್ಳುವವರಿದ್ದಾರೆ. ನಾನು ಕೇಳಬೇಕೆಂದಿರುವುದು ನಾಲ್ಕನೆಯದರ ಬಗ್ಗೆ.

ಹಿಂತಿರುಗುವಾಗ ದಾರಿ ತಪ್ಪಿ ಒಂದು ಸಣ್ಣ ಊರಿಗೆ ಹೋದೆವು. ಕೆರೆ ಏರಿಯ ಕೆಳಗೆ, ಕಬ್ಬಿನ ಗದ್ದೆಗಳ ನಡುವೆ ಒಂದು ಕಲ್ಲಿನ ಗುಡಿ. ಯಾವ ಇಲಾಖೆಯ ಫಲಕವೂ ಇಲ್ಲ. ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ, ಅಂದರೆ ನವರಂಗದ ಒಂದು ಮೂಲೆ ಕುಸಿದು ತೊಲೆಗಲ್ಲಿನ ತುದಿ ನೆಲಕ್ಕೆ ಊರಿಕೊಂಡಿದೆ. ಒಳಗೆ ರಾಗಿ ಹುಲ್ಲಿನ ಕಟ್ಟುಗಳನ್ನು ಒಟ್ಟಿದ್ದಾರೆ. ಶಿಖರದ ಎರಡನೆಯ ಅಂತಸ್ತಿನಲ್ಲಿ, ಸಿಂಹದಂಥ ಮುಖದ ಕೆತ್ತನೆಯಾದ ಕೀರ್ತಿಮುಖದ ಪಕ್ಕದ ಸಂದಿನಿಂದ ಒಂದು ಅರಳಿ ಸಸಿ ಹೊರಗೆ ಬಂದಿದೆ. ಮೊಳದುದ್ದ ಇರಬಹುದು. ಎಲೆಗಳನ್ನು ಎಣಿಸಿದೆ, ಹನ್ನೊಂದು. ಬೇರು ಬಿಳಿಯ ದಾರದಂತೆ ಕೆಳಗಿನ ಕಲ್ಲಿನ ಮೇಲೆ ಇಳಿದು ಮತ್ತೊಂದು ಸಂದಿಗೆ ನುಗ್ಗಿದೆ. ಅದರ ಮೇಲಿನ ಕಲ್ಲು ಒಂದು ಬೆರಳಿನಷ್ಟು ಮುಂದಕ್ಕೆ ಬಂದಿದೆ.

ಏಣಿ ಸಿಕ್ಕಿದ್ದರೆ ಹತ್ತಿ ಕಿತ್ತೇ ಬರುತ್ತಿದ್ದೆ. ಅಪ್ಪ ಬೇಡವೆಂದರು. ರಾತ್ರಿಯೆಲ್ಲ ಅದೇ ಕಣ್ಣ ಮುಂದೆ ಬರುತ್ತಿದೆ. ಇಂಥದ್ದನ್ನು ನಾವೇ ಕೀಳಬಹುದೇ? ಕೀಳಬಾರದೆಂದರೆ ಯಾರಿಗೆ ಹೇಳಬೇಕು? ತಿಳಿದವರು ದಯವಿಟ್ಟು ತಿಳಿಸಿ.

ಹುಣಸೂರು ರಸ್ತೆ:

ಸಸಿ ಚಿಕ್ಕದಿರುವಾಗಲೇ ಕೀಳಬೇಕು ಮೇಡಂ. ನಮ್ಮ ಕಾಂಪೌಂಡ್ ಗೋಡೆಯಲ್ಲಿ ಹೀಗೇ ಬಂದಿತ್ತು, ಉದಾಸೀನ ಮಾಡಿದೆ. ಮೂರು ವರ್ಷದಲ್ಲಿ ಗೋಡೆ ಬಿರುಕು ಬಿಟ್ಟಿತು. ಮುಂದಿನ ವಾರವೇ ಏಣಿ ತೆಗೆದುಕೊಂಡು ಹೋಗಿ, ನಾನೂ ಬರುತ್ತೇನೆ.

ಕಲ್ಲುಕೆಲಸ:

ದಯವಿಟ್ಟು ಯಾರೂ ಏಣಿ ಹಾಕಬೇಡಿ. ಇಪ್ಪತ್ತೆರಡು ವರ್ಷದಿಂದ ಹಳೆಯ ಗುಡಿಗಳ ದುರಸ್ತಿ ಕೆಲಸದಲ್ಲಿದ್ದೇನೆ. ಹೀಗೆ ಒಳ್ಳೆಯ ಮನಸ್ಸಿನಿಂದ ಗಿಡ ಕೀಳಲು ಹೋಗಿ ಕಲ್ಲನ್ನೇ ಉರುಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇಟ್ಟಿಗೆಯ ಗೋಡೆಯೇ ಬೇರೆ, ಹೊಯ್ಸಳರ ಗುಡಿಯೇ ಬೇರೆ. ಇಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯ ಅಂಟು ಇರುವುದಿಲ್ಲ. ಕುಳಿ, ಗೂಟ, ತೋಡು ಮಾಡಿ ಒಂದಕ್ಕೊಂದು ಕಚ್ಚಿಸಿರುತ್ತಾರೆ. ಮೇಲಿನ ಕಲ್ಲಿನ ಭಾರವೇ ಕೆಳಗಿನದನ್ನು ಹಿಡಿದು ನಿಲ್ಲಿಸುತ್ತದೆ. ಕಲ್ಲು ಬೆರಳಿನಷ್ಟು ಮುಂದೆ ಬಂದಿದೆ ಎನ್ನುತ್ತೀರಿ. ಹಾಗಿದ್ದರೆ ಈಗ ಆ ಬೇರೇ ಕಲ್ಲುಗಳ ನಡುವೆ ಬೆಣೆಯಾಗಿ ಕುಳಿತಿದೆ. ಎಳೆದರೆ ಎರಡರಲ್ಲಿ ಒಂದು ಆಗುತ್ತದೆ. ಕಾಂಡ ತುಂಡಾಗಿ ಬೇರು ಒಳಗೇ ಉಳಿದರೆ ಮುಂದಿನ ಮಳೆಗೆ ಒಂದರ ಜಾಗದಲ್ಲಿ ನಾಲ್ಕು ಚಿಗುರು ಬರುತ್ತವೆ. ಬೇರು ಪೂರ್ತಿ ಬಂದರೆ ಕಲ್ಲೂ ಜೊತೆಗೆ ಬರುತ್ತದೆ, ಕೆಳಗೆ ನಿಂತಿರುವವರ ತಲೆಯ ಮೇಲೆ.

ಸರಿಯಾದ ಕ್ರಮ ಹೀಗಿದೆ. ಗುಡಿಯ ಮೇಲೆ ಭಾರ ಬೀಳದಂತೆ ಅಟ್ಟಣೆ ಕಟ್ಟಬೇಕು. ಸಸಿಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ಬಾಯಿಗೆ ಬೇರು ಸಾಯುವ ಔಷಧವನ್ನು ಹಚ್ಚಬೇಕು. ಅದು ಪೂರ್ತಿ ಒಣಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಸಂದನ್ನು ತೊಳೆದು ಸುಣ್ಣದ ಗಾರೆ ತುಂಬಬೇಕು. ಕಲ್ಲು ತುಂಬಾ ಸರಿದಿದ್ದರೆ ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಬಿಚ್ಚಿ, ಮತ್ತೆ ಕೂರಿಸಬೇಕು. ಇದು ಒಂದು ಭಾನುವಾರದ ಕೆಲಸವಲ್ಲ.

ಇನ್ನೊಂದು ಮಾತು. ಅರಳಿಯ ಬೀಜವನ್ನು ಹಕ್ಕಿ ಎಲ್ಲೆಲ್ಲೋ ಹಾಕುತ್ತದೆ, ಎಲ್ಲವೂ ಮೊಳೆಯುವುದಿಲ್ಲ. ಮೊಳೆತಿದೆ ಎಂದರೆ ಅಲ್ಲಿ ತೇವ ನಿಂತಿದೆ. ಮಾಳಿಗೆಯ ಮೇಲಿನ ಗಾರೆ ಒಡೆದಿದೆಯೇ, ನೀರು ಹೊರಹೋಗುವ ಕಿಂಡಿ ಕಟ್ಟಿಕೊಂಡಿದೆಯೇ? ಮೊದಲು ಅದನ್ನು ನೋಡಬೇಕು. ನನ್ನ ಅನುಭವದಲ್ಲಿ ಗುಡಿಗಳನ್ನು ಬೀಳಿಸಿದ್ದು ಮರಕ್ಕಿಂತ ಹೆಚ್ಚಾಗಿ ನೀರು.

ಕಿಕ್ಕೇರಿ ಕಡೆಯವಳು:

ಕಲ್ಲುಕೆಲಸದ ಅಣ್ಣ ಕಿಂಡಿಯ ಮಾತೆತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಈಗ ಮೈಸೂರಿನಲ್ಲಿದ್ದೇನೆ, ಆದರೆ ಹುಟ್ಟಿ ಬೆಳೆದದ್ದು ಇಂಥದ್ದೇ ಒಂದು ಪಾಳುಗುಡಿಯ ಬೆನ್ನಿಗೆ ಅಂಟಿದ ಮನೆಯಲ್ಲಿ. ನಮ್ಮ ಅಜ್ಜಿ ಸೋಮವಾರ ಸಂಜೆ ಅಲ್ಲಿಗೆ ಹೋಗಿ ಒಂದು ಹಣತೆ ಹಚ್ಚಿ ಬರುತ್ತಿದ್ದರು. ಬೇರೆ ಪೂಜೆ, ಪುನಸ್ಕಾರ ಏನೂ ಇರಲಿಲ್ಲ. ಬೀಗದ ಕೈ ಅವರ ಸೆರಗಿನ ಗಂಟಿನಲ್ಲಿರುತ್ತಿತ್ತು.

ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ಈಗ ನೆನಪಾಗುತ್ತಿದೆ. ಅವರ ಕಾಲದಲ್ಲಿ ಮುಂಗಾರಿಗೆ ಮುಂಚೆ, ಯುಗಾದಿ ಕಳೆದ ಮೇಲೆ, ಊರಿನವರು ಹಗುರ ಮೈಯ ಒಬ್ಬ ಹುಡುಗನನ್ನು ಗುಡಿಯ ಮಾಳಿಗೆಗೆ ಹತ್ತಿಸುತ್ತಿದ್ದರಂತೆ. ಅವನು ಬರಿಗಾಲಲ್ಲಿ ಹತ್ತಿ ಎರಡೆಲೆಯ ಸಸಿಗಳನ್ನೆಲ್ಲ ಚಿವುಟಿ ಹಾಕಿ, ಕಿಂಡಿಯ ಕಸ ತೆಗೆದು, ಒಂದು ಬಿಂದಿಗೆ ನೀರು ಸುರಿದು ಹರಿಯುತ್ತದೆಯೇ ಎಂದು ನೋಡಿ ಇಳಿಯುತ್ತಿದ್ದ. ಕೂಲಿಯೆಂದರೆ ಒಂದು ಸೇರು ರಾಗಿ, ಒಂದು ಅಚ್ಚು ಬೆಲ್ಲ. ಆ ಖರ್ಚಿಗೆ ಗುಡಿಯ ಜಮೀನಿತ್ತು. ಇನಾಮು ರದ್ದಾಗಿ ಜಮೀನು ಉಳುವವರ ಪಾಲಾಯಿತು. ಅದು ನ್ಯಾಯವೇ, ನಾನು ಅದರ ವಿರುದ್ಧ ಒಂದು ಮಾತೂ ಆಡುವುದಿಲ್ಲ. ಆದರೆ ಮಾಳಿಗೆ ಹತ್ತುವ ಹುಡುಗನನ್ನು ಆಮೇಲೆ ಯಾರೂ ಕರೆಯಲಿಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ಆ ಗುಡಿಯ ಹಿಂದಿನ ಗೋಡೆ ಒಂದು ರಾತ್ರಿ ಮಳೆಯಲ್ಲಿ ಕುಸಿಯಿತು. ಆ ಸದ್ದಿಗೆ ದನಗಳೆಲ್ಲ ಎದ್ದು ನಿಂತಿದ್ದವು.

ಒಂಟಿಕೊಪ್ಪಲಿನವರೇ, ಹುಲ್ಲು ಒಟ್ಟಿದ್ದಾರೆ ಎಂದು ಬರೆದಿರಿ. ಬೇಸರ ಮಾಡಿಕೊಳ್ಳಬೇಡಿ, ಅದು ಆ ಊರಿನವರ ಅಸಡ್ಡೆ ಎಂದು ಮಾತ್ರ ತಿಳಿಯಬೇಡಿ. ಹುಲ್ಲು ನನೆಯಬಾರದೆಂದು ಅಲ್ಲಿ ಒಟ್ಟುತ್ತಾರೆ, ಹಾಗಾಗಿ ಮಾಳಿಗೆ ಎಲ್ಲಿ ಸೋರುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಮತ್ತೆ ಹೋಗುವುದಾದರೆ ಮೊದಲು ಊರೊಳಗೆ ಹೋಗಿ, ಆಮೇಲೆ ಗುಡಿಗೆ ಹೋಗಿ. ಯಾರದೋ ಮನೆಯ ಜಗಲಿಯಲ್ಲಿ ಕುಳಿತು ನೀರು ಕುಡಿದು ಬಂದ ಕಾರಣ ಹೇಳಿ. ಕ್ಯಾಮೆರಾ ಹಿಡಿದು ನೇರವಾಗಿ ಗುಡಿಗೆ ನುಗ್ಗುವವರನ್ನು ನಮ್ಮ ಕಡೆ ನಿಧಿಗೆ ಬಂದವರೆಂದೇ ತಿಳಿಯುತ್ತಾರೆ.

ನಾಗಮಂಗಲದ ಹುಡುಗ:

ಎಲ್ಲರೂ ಬೇಡ, ಕಾಯಿರಿ, ಅರ್ಜಿ ಕೊಡಿ ಎನ್ನುತ್ತೀರಿ. ಎಷ್ಟು ವರ್ಷ ಕಾಯಬೇಕು? ನಮ್ಮ ಊರಿನ ಈಶ್ವರನ ಗುಡಿಗಾಗಿ ನಮ್ಮ ತಂದೆ ಕಚೇರಿಗಳಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ಕೊನೆಗೆ ನಾವೇ ಹದಿನೈದು ಹುಡುಗರು ಸೇರಿದೆವು. ಮುಳ್ಳು ಕಡಿದೆವು, ಬಾವಲಿಗಳನ್ನು ಓಡಿಸಿದೆವು, ಕಪ್ಪು ಹಿಡಿದ ಗೋಡೆಗಳನ್ನು ಆಸಿಡ್ ಹಾಕಿ ತಂತಿಯ ಬ್ರಷ್‌ನಿಂದ ಉಜ್ಜಿದೆವು. ಬಿರುಕಿಗೆ ಸಿಮೆಂಟ್ ತುಂಬಿ, ಬಾಗಿಲಿಗೆ ಬಣ್ಣ ಹೊಡೆಸಿ, ಶಿವರಾತ್ರಿಗೆ ಅನ್ನಸಂತರ್ಪಣೆ ಮಾಡಿದೆವು. ಮೂರು ಊರಿನ ಜನ ಬಂದಿದ್ದರು. ನಲವತ್ತು ವರ್ಷದಿಂದ ದೀಪ ಕಾಣದ ಗುಡಿಯಲ್ಲಿ ನಮ್ಮ ಅಮ್ಮ ಆ ದಿನ ಕಣ್ಣೀರು ಹಾಕುತ್ತಾ ನಿಂತಿದ್ದರು.

ಈ ಕೆಲಸ ತಪ್ಪು ಎನ್ನುವವರು ನಮ್ಮ ಊರಿಗೆ ಬಂದು ಅಮ್ಮನ ಎದುರಿಗೆ ಹೇಳಲಿ.

ಕಲ್ಲುಕೆಲಸ:

ತಮ್ಮಾ, ನಿಮ್ಮ ತಾಯಿಯ ಎದುರು ನಿಂತರೆ ನಾನೂ ಕೈಮುಗಿಯುತ್ತೇನೆ. ಮುಳ್ಳು ಕಡಿದದ್ದು, ದೀಪ ಹಚ್ಚಿದ್ದು, ಊರನ್ನು ಮತ್ತೆ ಗುಡಿಗೆ ಕರೆತಂದದ್ದು ದೊಡ್ಡ ಕೆಲಸ. ಜನ ಬಂದುಹೋಗುವ ಗುಡಿಯ ಮಾಳಿಗೆ ಸೋರಿದರೆ ಯಾರಾದರೂ ಒಬ್ಬರು ಗಮನಿಸುತ್ತಾರೆ. ಬಿಟ್ಟ ಗುಡಿಗೆ ಆ ಭಾಗ್ಯವಿಲ್ಲ.

ಆದರೆ ಆಸಿಡ್ ಮತ್ತು ಸಿಮೆಂಟ್ ಬಗ್ಗೆ ಹೇಳದೆ ಇರಲಾರೆ. ಆ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಅದಕ್ಕೇ ಆಭರಣದ ಕುಸುರಿಯಂಥ ಕೆತ್ತನೆ ಸಾಧ್ಯವಾಯಿತು. ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಮೈ ಗಟ್ಟಿಯಾಗುತ್ತದೆ. ನೀವು ಉಜ್ಜಿ ತೆಗೆದದ್ದು ಪಾಚಿಯ ಜೊತೆಗೆ ಆ ಗಟ್ಟಿ ಮೈಯನ್ನೂ ಕೂಡ. ಸೋಮನಾಥಪುರದಲ್ಲಿ ರೂವಾರಿ, ಅಂದರೆ ಶಿಲ್ಪಿ, ಮಲ್ಲಿತಮ್ಮ ತನ್ನ ಹೆಸರನ್ನು ವಿಗ್ರಹಗಳ ಕೆಳಗೆ ಕೊರೆದಿದ್ದಾನೆ. 1258ರ ಗುಡಿ ಅದು, ಇವತ್ತಿಗೂ ಓದಬಹುದು. ಹೀಗೆ ಕೊರೆದ ಅಕ್ಷರದ ಆಳ ಒಂದು ಅಕ್ಕಿಕಾಳಿನಷ್ಟಿದ್ದರೆ ಹೆಚ್ಚು. ನಿಮ್ಮ ಗುಡಿಯಲ್ಲೂ ಯಾರದೋ ಹೆಸರು ಇದ್ದಿರಬಹುದು ಎಂದು ಯೋಚಿಸಿ ನೋಡಿ.

ಸಿಮೆಂಟ್ ಉಸಿರಾಡುವುದಿಲ್ಲ. ಒಳಗೆ ಹೊಕ್ಕ ನೀರು ಹೊರಗೆ ಬರಲಾರದೆ ಕಲ್ಲಿನ ಮೂಲಕವೇ ದಾರಿ ಹುಡುಕುತ್ತದೆ. ಸಿಮೆಂಟಿನ ಉಪ್ಪು ಕಲ್ಲಿನ ಮೈಯಲ್ಲಿ ಬಿಳಿಯಾಗಿ ಉಕ್ಕುತ್ತದೆ. ನಾಲ್ಕೈದು ಮಳೆಗಾಲ ಕಳೆಯಲಿ, ಸಿಮೆಂಟಿನ ಅಂಚಿನ ಉದ್ದಕ್ಕೂ ಕಲ್ಲು ಹಪ್ಪಳದಂತೆ ಪದರ ಪದರವಾಗಿ ಏಳುತ್ತದೆ. ಸುಣ್ಣದ ಗಾರೆ ಹಾಗಲ್ಲ, ಕಲ್ಲಿಗಿಂತ ಮೊದಲು ತಾನೇ ಸವೆಯುತ್ತದೆ. ಸವೆದ ಗಾರೆಯನ್ನು ಮತ್ತೆ ತುಂಬಬಹುದು.

ಪಾಂಡವಪುರದ ನಿವೃತ್ತ ಮೇಷ್ಟ್ರು:

ಚರ್ಚೆ ಓದಿ ಮನಸ್ಸು ತುಂಬಿತು. ಹುಡುಗನ ಸಿಟ್ಟು ಸಹಜ. ಮೂವತ್ತು ವರ್ಷ ಈ ಸೀಮೆಯ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ರಜೆ ಬಂದರೆ ಮಕ್ಕಳನ್ನು ಕರೆದುಕೊಂಡು ಶಾಸನ, ವೀರಗಲ್ಲು, ಮಾಸ್ತಿಕಲ್ಲು ನೋಡುತ್ತಾ ಸೈಕಲ್ ತುಳಿದಿದ್ದೇನೆ.

ಒಂಟಿಕೊಪ್ಪಲಿನ ತಾಯಿ ಕೇಳಿದ ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಯಾರಿಗೆ ಹೇಳಬೇಕು ಎಂಬುದು ಗುಡಿ ಯಾರದು ಎಂಬುದರ ಮೇಲೆ ನಿಂತಿದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾದರೆ 1958ರ ಕಾಯಿದೆ, ರಾಜ್ಯದ ಪುರಾತತ್ವ ಇಲಾಖೆಯದಾದರೆ 1961ರ ಕಾಯಿದೆ. ಇಂಥ ಸಂರಕ್ಷಿತ ಸ್ಮಾರಕಗಳ ಒಂದು ಕಲ್ಲನ್ನೂ ಅನುಮತಿಯಿಲ್ಲದೆ ಅಲುಗಿಸುವಂತಿಲ್ಲ. ಫಲಕ ಇಲ್ಲದಿದ್ದರೆ ಬಹುಮಟ್ಟಿಗೆ ಮುಜರಾಯಿ (ರಾಜ್ಯದ ಧಾರ್ಮಿಕ ದತ್ತಿ ಇಲಾಖೆಯ) ಗುಡಿ, ವರ್ಷದ ವರಮಾನ ಐದು ಲಕ್ಷಕ್ಕಿಂತ ಕಡಿಮೆಯಿರುವ 'ಸಿ' ವರ್ಗದ್ದು. ಅದಕ್ಕೆ ತಹಸೀಲ್ದಾರರೇ ಗತಿ. ಅದೂ ಅಲ್ಲದಿದ್ದರೆ ಊರಿನದು ಅಥವಾ ಖಾಸಗಿಯವರದು. ಪಹಣಿ ತೆಗೆಸಿ ನೋಡಿದರೆ ಜಾಗ ಯಾರ ಹೆಸರಿನಲ್ಲಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇನ್ನೊಂದು ಕೆಲಸ ಮಾಡಿ. ಮೈಸೂರು ಸಂಸ್ಥಾನದಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಹುಟ್ಟಿತು. ಬಿ.ಎಲ್. ರೈಸ್ ಮತ್ತು ಅವರ ನಂತರ ಆರ್. ನರಸಿಂಹಾಚಾರ್ ಹಳ್ಳಿ ಹಳ್ಳಿಯ ಶಾಸನಗಳನ್ನು ಪ್ರತಿ ಮಾಡಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ತಂದ 'ಎಪಿಗ್ರಾಫಿಯಾ ಕರ್ನಾಟಕ' ಎಂಬ ಶಾಸನ ಸಂಗ್ರಹದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ. ಆ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಇದ್ದರೆ ಅರ್ಜಿಯಲ್ಲಿ ಶಾಸನದ ಸಂಖ್ಯೆ ಬರೆಯಿರಿ. ಕಚೇರಿಯಲ್ಲಿ ಕಾಗದದ ತೂಕವೇ ಬೇರೆಯಾಗುತ್ತದೆ.

ಕಿಕ್ಕೇರಿ ಕಡೆಯ ಮಗಳು ಮಾಳಿಗೆ ಹತ್ತುವ ಹುಡುಗನ ಕಥೆ ಹೇಳಿದಳಲ್ಲ, ಅದು ಶಾಸನಗಳಲ್ಲೇ ಇದೆಯಮ್ಮ. ದೇವರ ಅಂಗಭೋಗಕ್ಕೆ (ನಿತ್ಯದ ಸೇವೆಗೆ), ನಂದಾದೀವಿಗೆಗೆ (ಸದಾ ಉರಿಯುವ ದೀಪಕ್ಕೆ) ಎಂದು ಭೂಮಿ ಬಿಡುವಾಗಲೇ ಜೊತೆಯಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಎಂದೂ ಬರೆಯುತ್ತಿದ್ದರು. ಒಡೆದದ್ದು, ಬಿರಿದದ್ದು, ಸವೆದದ್ದನ್ನು ಸರಿಪಡಿಸಲು ಎಂದು ಅರ್ಥ. ಗುಡಿ ಹೊಚ್ಚ ಹೊಸದಾಗಿ ಹೊಳೆಯುತ್ತಿರುವ ದಿನವೇ ಅದು ಮುಂದೆ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕಿ, ಕೆರೆಯ ಕೆಳಗೆ ಇಷ್ಟು ಗದ್ದೆ ಎಂದು ಅಳೆದು ಕೊಟ್ಟರು. ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕವೊಂದು 'ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ' ಎನ್ನುತ್ತದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೆ. ಬಿಂದಿಗೆ ನೀರು ಸುರಿದು ಕಿಂಡಿ ನೋಡುವ ಹುಡುಗನೇ ಅನುಪಾಲನೆ ಎಂದು ಇವತ್ತು ಹೊಳೆಯಿತು.

ಹುಣಸೂರು ರಸ್ತೆ:

ಏಣಿಯ ಮಾತು ವಾಪಸ್ ತೆಗೆದುಕೊಂಡೆ. ಆದರೆ ಆ ಊರು ಯಾವುದು ಎಂದು ಹೇಳಿ ಮೇಡಂ. ನಾಲ್ಕು ಜನ ಹೋಗಿ ನೋಡಿದರೆ, ಫೋಟೊ ಹಾಕಿದರೆ ಅಧಿಕಾರಿಗಳು ಬೇಗ ಎಚ್ಚರಗೊಳ್ಳುತ್ತಾರೆ.

ಒಂಟಿಕೊಪ್ಪಲಿನಿಂದ:

ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಮೇಷ್ಟ್ರ ಬರಹವನ್ನು ಎರಡು ಸಲ ಓದಿಸಿಕೊಂಡರು.

ಊರಿನ ಹೆಸರನ್ನು ಸದ್ಯಕ್ಕೆ ಇಲ್ಲಿ ಹಾಕುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಗರ್ಭಗುಡಿಯಲ್ಲಿ ಲಿಂಗವನ್ನು ಕೂರಿಸಿದ ಪಾಣಿಪೀಠದ ಒಂದು ಮಗ್ಗುಲನ್ನು ಯಾರೋ ಹಾರೆ ಹಾಕಿ ಎಬ್ಬಿಸಿದ್ದಾರೆ. ಎದುರಿನ ಬಸವನ ಹೊಟ್ಟೆಯ ಕೆಳಗೂ ಅಗೆದಿದ್ದಾರೆ. ಮೊದಲ ದಿನ ಇದನ್ನು ಬರೆಯಲು ಮನಸ್ಸು ಬರಲಿಲ್ಲ. ಬಾಗಿಲಿಲ್ಲದ, ಕಾವಲಿಲ್ಲದ ಗುಡಿಯ ಗುರುತನ್ನು ಎಲ್ಲರಿಗೂ ಹೇಳಿದರೆ ನಿಧಿಯ ಆಸೆಯವರಿಗೂ ಹೇಳಿದಂತೆಯೇ. ಬಾಗಿಲು ಬಂದ ದಿನ ಹೆಸರು, ದಾರಿ ಎಲ್ಲವನ್ನೂ ಬರೆಯುತ್ತೇನೆ.

ಹೊಯ್ಸಳ ಗುಡಿ ನೋಡುವ ಆಸೆಯಿರುವವರು ಮಂಡ್ಯದಿಂದ ಸುಮಾರು 25 ಕಿಲೋಮೀಟರ್ ದೂರದ ಬಸರಾಳಿಗೆ ಹೋಗಿ. 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ಗುಡಿ ಅಲ್ಲಿದೆ. ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವ, ಮೀನಿಗೆ ಗುರಿಯಿಟ್ಟ ಅರ್ಜುನ, ಮಾಲೆ ಹಿಡಿದು ಅವನತ್ತ ಧಾವಿಸುವ ದ್ರೌಪದಿ. ಒಂದು ದಿನಕ್ಕೆ ಆ ಒಂದು ಗುಡಿ ಸಾಕು. ನಾವು ಒಂದೇ ದಿನ ನಾಲ್ಕು ನೋಡಿದ್ದು ಅತಿಯಾಯಿತು ಎಂದು ಈಗ ಅನ್ನಿಸುತ್ತಿದೆ.

ನಾಗಮಂಗಲದ ಹುಡುಗ:

ಮೇಷ್ಟ್ರೇ, ನಮ್ಮ ಗುಡಿಯ ಮೆಟ್ಟಿಲಿನ ಪಕ್ಕ ಅಕ್ಷರ ಇರುವ ಒಂದು ಕಲ್ಲಿತ್ತು. ಸಿಮೆಂಟ್ ಕಟ್ಟೆ ಕಟ್ಟುವಾಗ ಅದರ ಕೆಳಭಾಗ ಒಳಗೆ ಹೋಯಿತು. ಮೇಲಿನ ಮೂರು ಸಾಲು ಕಾಣುತ್ತದೆ. ಇದನ್ನು ಯಾರಿಗಾದರೂ ತೋರಿಸಬೇಕೇ? ಕಟ್ಟೆ ಒಡೆಯಬೇಕೇ?

ಪಾಂಡವಪುರದ ನಿವೃತ್ತ ಮೇಷ್ಟ್ರು:

ಒಡೆಯಬೇಡಪ್ಪ, ಅವಸರ ಬೇಡ. ಮೊದಲು ಕಾಣುವ ಮೂರು ಸಾಲಿನ ಫೋಟೊ ತೆಗೆದು ಕಳಿಸು, ಬೆಳಗಿನ ಹೊತ್ತು ಬೆಳಕು ಓರೆಯಾಗಿ ಬೀಳುವಾಗ. ಕಲ್ಲಿಗೆ ಸುಣ್ಣ, ಬಣ್ಣ, ಸೀಮೆಸುಣ್ಣ ಏನನ್ನೂ ಬಳಿಯಬೇಡ. ನಾಗಮಂಗಲ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲಿವೆ. ಹಿಂದೆಯೇ ಪೂರ್ತಿ ಪ್ರತಿ ಮಾಡಿಕೊಂಡಿದ್ದರೆ ಒಳಗೆ ಹೋದ ಸಾಲುಗಳೂ ಸಿಗುತ್ತವೆ.

ಕಲ್ಲು ಬಿಚ್ಚುವುದು, ಕೂಡಿಸುವುದು ಅಸಾಧ್ಯವೆಂದು ಎದೆಗುಂದಬೇಡ. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ನೀರಿನಲ್ಲಿ ಮುಳುಗಿತು. ಬರಗಾಲದಲ್ಲಿ ನೀರು ತೀರಾ ಇಳಿದಾಗ ಮಾತ್ರ ಕಾಣಿಸುತ್ತಿತ್ತು, ಹಾಗೆ ಕಂಡಾಗ ನೋಡಿದವರಲ್ಲಿ ನಾನೂ ಒಬ್ಬ. ಖೋಡೆ ಪ್ರತಿಷ್ಠಾನದವರು ಅದನ್ನು ಕಲ್ಲು ಕಲ್ಲಾಗಿ ಗುರುತು ಹಾಕಿ ಬಿಚ್ಚಿ, ದಡದ ಮೇಲೆ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಒಂದು ಸಿಮೆಂಟ್ ಕಟ್ಟೆ ಯಾವ ಲೆಕ್ಕ?

ಒಂಟಿಕೊಪ್ಪಲಿನಿಂದ (ಐದು ವಾರಗಳ ನಂತರ):

ಆದದ್ದನ್ನು ತಿಳಿಸುತ್ತಿದ್ದೇನೆ.

ಕಿಕ್ಕೇರಿ ಕಡೆಯವರು ಹೇಳಿದಂತೆ ಮೊದಲು ಊರಿಗೆ ಹೋದೆವು. ಮೊದಲ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಜಮೀನು ನೋಡಲು ಬಂದವರೋ, ನಿಧಿ ನೋಡಲು ಬಂದವರೋ?" ಎಂದು ಕೇಳಿಯೇಬಿಟ್ಟರು. ಅಪ್ಪ ಅವರ ಪಕ್ಕದಲ್ಲಿ ಕುಳಿತು ತಾವೂ ಕಾಯಿ ಸುಲಿಯಲು ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಊರಿನ ನಾಲ್ಕು ಹಿರಿಯರು ಅಲ್ಲಿ ಸೇರಿದ್ದರು. ಮಾಳಿಗೆ ಎಲ್ಲಿ ಸೋರುತ್ತದೆ ಎಂದು ಕೇಳಿದ ಕೂಡಲೇ ಮೂವರು ಒಟ್ಟಿಗೆ ಬಾಯಿಬಿಟ್ಟರು. ಈಶಾನ್ಯದ ಮೂಲೆಯಲ್ಲಂತೆ, ಹತ್ತು ವರ್ಷದಿಂದ. ಸಸಿ ಇರುವುದು ಸರಿಯಾಗಿ ಅದರ ನೇರದಲ್ಲಿ.

ಪಹಣಿ ತೆಗೆಸಿದೆವು. ಗುಡಿ ಮುಜರಾಯಿಗೆ ಸೇರಿದ್ದು, 'ಸಿ' ವರ್ಗ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಆರನೆಯ ಸಂಪುಟವನ್ನು ತಿರುವಿದಾಗ ಊರಿನ ಹೆಸರು ಸಿಕ್ಕಿತು. ಅಪ್ಪ ಸಂಖ್ಯೆಯನ್ನು ಅಂಗೈಯ ಮೇಲೇ ಬರೆದುಕೊಂಡರು. ಶಾಸನದ ಸಂಖ್ಯೆ, ಹನ್ನೆರಡು ಫೋಟೊ, ಊರಿನ 64 ಜನರ ಸಹಿ ಇಟ್ಟು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ. ಒಂದು ಪ್ರತಿಯನ್ನು ಮೈಸೂರಿನ ಪುರಾತತ್ವ ಇಲಾಖೆಗೆ ಕೊಟ್ಟಿದ್ದೇವೆ. ಸ್ವೀಕೃತಿ ಕೈಯಲ್ಲಿದೆ. ಸ್ಥಳ ನೋಡಲು ಇನ್ನೂ ಯಾರೂ ಬಂದಿಲ್ಲ. ಪ್ರತಿ ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳುವುದು ನನ್ನ ಪಾಲಿನ ಕೆಲಸ ಎಂದು ಒಪ್ಪಿಕೊಂಡಿದ್ದೇನೆ.

ಕಳೆದ ಭಾನುವಾರ ಕಲ್ಲುಕೆಲಸದವರು ತಮ್ಮ ಖರ್ಚಿನಲ್ಲೇ ಬಂದಿದ್ದರು. ಕುಸಿದ ಮೂಲೆಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ತೊಲೆಗಲ್ಲಿನ ಕೆಳಗೆ ಹೋಗದಂತೆ ಊರಿನವರಿಗೆ ಹೇಳಿದರು. ಹುಲ್ಲನ್ನು ಊರಿನವರೇ ಖಾಲಿ ಮಾಡಿದರು. ಅರಳಿ ಸಸಿಯನ್ನು ಯಾರೂ ಮುಟ್ಟಲಿಲ್ಲ. ಅಪ್ಪ ಎಣಿಸಿದರು, ಈಗ ಹದಿಮೂರು ಎಲೆ.

ಹಿರಿಯರ ಒಪ್ಪಿಗೆ ಪಡೆದು, ಗಟ್ಟಿಯಿರುವ ಪಶ್ಚಿಮದ ಕಡೆಯಿಂದ ಅಜ್ಜಿಯ ಮೊಮ್ಮಗನನ್ನು ಮಾಳಿಗೆಗೆ ಹತ್ತಿಸಿದೆವು. ಸೊಂಟಕ್ಕೆ ಹಗ್ಗ, ಬರಿಗಾಲು. ಅವನು ಎರಡೆಲೆಯ ಮೂರು ಸಸಿಗಳನ್ನು ಕಿತ್ತು ಕೆಳಗೆ ಹಾಕಿದ. ಕಿಂಡಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಬಿದಿರಿನ ಕಡ್ಡಿಯಿಂದ ಬಿಡಿಸುತ್ತಾ ಹೋದಂತೆ ಗಿಳಿಯ ಗರಿ, ಹುಣಸೆ ಬೀಜ, ಮಡಕೆಯ ಚೂರು ಎಲ್ಲ ಬಂದವು. ಆಮೇಲೆ ಒಂದು ಬಿಂದಿಗೆ ನೀರನ್ನು ಮೇಲೆ ಕಳಿಸಿದೆವು. ಮೊದಲು ಏನೂ ಬರಲಿಲ್ಲ. ಆಮೇಲೆ ಕೆಸರು, ಆಮೇಲೆ ತಿಳಿನೀರು. ಕೆಳಗಿನ ಚಪ್ಪಡಿಯಲ್ಲಿ ಒಂದು ಬಟ್ಟಲಿನಂಥ ಕುಳಿ ಇದೆ. ಮೊದಲ ದಿನ ನೋಡಿದಾಗ ಅದು ಯಾಕಿದೆ ಎಂದು ತಿಳಿದಿರಲಿಲ್ಲ. ಕಿಂಡಿಯಿಂದ ಬಿದ್ದ ನೀರು ನೇರವಾಗಿ ಅದರೊಳಗೇ ಬಿತ್ತು.

ಕಿಕ್ಕೇರಿ ಕಡೆಯವಳು:

ಓದುತ್ತಾ ಕಣ್ಣು ಮಂಜಾಯಿತು. ಆ ಮೊಮ್ಮಗನಿಗೆ ಒಂದು ಸೇರು ರಾಗಿ, ಒಂದು ಅಚ್ಚು ಬೆಲ್ಲ ನನ್ನ ಕಡೆಯಿಂದ. ಮುಂದಿನ ಸಲ ಹೋಗುವಾಗ ತಿಳಿಸಿ, ನಾನೇ ತರುತ್ತೇನೆ. ಯುಗಾದಿ ಆದ ಮೇಲೆ ಪ್ರತಿ ವರ್ಷ ಹತ್ತಬೇಕು ಎಂದು ಅವನಿಗೆ ಈಗಲೇ ಹೇಳಿಡಿ.

ನಾಗಮಂಗಲದ ಹುಡುಗ:

ಮೇಷ್ಟ್ರು ನಮ್ಮ ಕಲ್ಲಿನ ಮೂರು ಸಾಲುಗಳನ್ನು ಓದಿ ಹೇಳಿದರು. ಅಮ್ಮನಿಗೆ ತೋರಿಸಿದೆ. ಕಲ್ಲುಕೆಲಸದ ಅಣ್ಣಾ, ನಮ್ಮ ಊರಿಗೂ ಒಂದು ಸಲ ಬರುತ್ತೀರಾ? ಸಿಮೆಂಟ್ ತುಂಬಿದ ಜಾಗದ ಪಕ್ಕದಲ್ಲಿ ನೀವು ಹೇಳಿದ ಬಿಳಿ ಉಪ್ಪು ಆಗಲೇ ಕಾಣಿಸಿಕೊಂಡಿದೆ. ನಾವು ಹದಿನೈದು ಜನರೂ ಇರುತ್ತೇವೆ, ಏನು ಮಾಡಬೇಕೋ ಹೇಳಿ.

ಕಲ್ಲುಕೆಲಸ:

ಬರುವ ತಿಂಗಳ ಎರಡನೆಯ ಭಾನುವಾರ ಬರುತ್ತೇನೆ. ಅಲ್ಲಿಯವರೆಗೆ ಸಿಮೆಂಟನ್ನು ಕೆರೆಯಬೇಡಿ, ಉಪ್ಪನ್ನು ನೀರು ಹಾಕಿ ತೊಳೆಯಬೇಡಿ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಉದುರಿಸಿ ಸಾಕು. ಒಂದು ಮೂಟೆ ಒಳ್ಳೆಯ ಸುಣ್ಣದ ಕಲ್ಲು ಸಿಕ್ಕಿದರೆ ಈಗಲೇ ತೊಟ್ಟಿಯಲ್ಲಿ ನೀರು ಹಾಕಿ ಅರಳಿಸಿ ಇಡಿ. ಅರಳುವಾಗ ಕುದಿಯುತ್ತದೆ, ದೂರ ನಿಲ್ಲಿ. ಎಷ್ಟು ದಿನ ನೆನೆಯುತ್ತದೋ ಗಾರೆ ಅಷ್ಟು ಚೆನ್ನಾಗಿ ಬರುತ್ತದೆ.